ಎಣ್ಣೆ ಹೋದ ದಾರಿ

ಶಿರಸಿಯ ನಿವೃತ್ತ ಉಪಾಧ್ಯಾಯರೊಬ್ಬರ ಬಳಿ 14 ವರ್ಷ ಹಳೆಯದಾದ ಪೆಟ್ರೋಲ್ ಕಾರೊಂದಿದೆ. ತಿಂಗಳಿಗೊಮ್ಮೆ ಅವರು ಪತ್ನಿಯನ್ನು ಚಿಕಿತ್ಸೆಗಾಗಿ ದೇವಿಮನೆ ಘಟ್ಟವಿಳಿದು ಕುಮಟೆಯ ಮಾರ್ಗವಾಗಿ ಮಂಗಳೂರಿಗೆ ಕರೆದೊಯ್ಯುವುದು ಆ ಕಾರಿನಲ್ಲಿಯೇ. ಒಮ್ಮೆ ಘಟ್ಟದ ತಿರುವಿನಲ್ಲಿ ಆಯಿಲಿನ ದೀಪ ಮಿನುಗಿತು. ಆ ದೀಪ ಸೂಚಿಸುವುದು ಎಣ್ಣೆಯ ಒತ್ತಡವನ್ನೇ ಹೊರತು ಮಟ್ಟವನ್ನಲ್ಲ. ಅದು ಹೊತ್ತುವ ವೇಳೆಗೆ ತಡವಾಗಿರುತ್ತದೆ. ಅಳತೆಗಡ್ಡಿಯ ತುದಿಯಲ್ಲಿಯೂ ಎಣ್ಣೆಯಿರಲಿಲ್ಲ. ಅಂದಿನಿಂದ ಡಿಕ್ಕಿಯಲ್ಲೊಂದು ಡಬ್ಬಿಯನ್ನಿಟ್ಟುಕೊಂಡು ಸುರಿಯುತ್ತ ಬಂದರು.

ಕಾರನ್ನು ನೋಡಿದ ಮೊದಲ ಮೆಕ್ಯಾನಿಕ್ ಕ್ಷಣಮಾತ್ರದಲ್ಲಿ ತೀರ್ಪಿತ್ತನು: ಪಿಸ್ಟನ್ ರಿಂಗುಗಳು ಸವೆದಿವೆ, ಎಂಜಿನ್ನನ್ನು ಪೂರ್ತಿ ಬಿಚ್ಚಬೇಕು. ಆ ವೆಚ್ಚಕ್ಕೆ ಪತ್ನಿಯ ಔಷಧೋಪಚಾರಕ್ಕೆಂದು ಎತ್ತಿಟ್ಟ ಹಣವನ್ನೇ ಮುಟ್ಟಬೇಕಿತ್ತು. ಉಪಾಧ್ಯಾಯರು ಒಂದು ತಿಂಗಳ ಅವಕಾಶ ಕೇಳಿದರು.

ಮೊದಲು ಅಳತೆ. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಎಂಜಿನ್ ಆರಿಸಿ 10 ನಿಮಿಷ ಕಾದು, ಮಟ್ಟ ನೋಡಿ ಬರೆದಿಟ್ಟರು. 1,000 ಕಿ.ಮೀ.ಗೆ 800 ಮಿ.ಲೀ. ಹೋಗುತ್ತಿತ್ತು. ಕೆಲವು ಕೈಪಿಡಿಗಳು 1 ಲೀಟರಿನವರೆಗೂ ಸಹ್ಯವೆನ್ನುತ್ತವೆ. ಆ ಔದಾರ್ಯ ತಯಾರಕರಿಗೇ ಅನುಕೂಲವೆಂದು ತೋರುತ್ತದೆ. ರಾತ್ರಿ ಕಾರಿನಡಿಯಲ್ಲಿ ಪತ್ರಿಕೆ ಹಾಸಿದರು. ಬೆಳಿಗ್ಗೆ ಒಂದು ತೊಟ್ಟೂ ಬಿದ್ದಿರಲಿಲ್ಲ. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಪೊರೆಯೂ ಇರಲಿಲ್ಲ. ಸೋರದ ಎಣ್ಣೆ ಒಳಗೆ ಉರಿಯುತ್ತಿದೆಯೆಂದೇ ಅರ್ಥ.

ಇನ್ನು ಹೊಗೆ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದುದರ ಕುರುಹು, ದಟ್ಟ ಬಿಳಿಯದು ಕೂಲಂಟ್ ಒಳಸೇರಿದುದರ ಕುರುಹು, ನೀಲಿಯದು ಎಣ್ಣೆಯ ಕುರುಹು. ಆದರೆ ಬಣ್ಣವೊಂದರಿಂದಲೇ ನಿರ್ಣಯವಾಗದು. ಯಾವಾಗ ಬರುತ್ತದೆ ಎಂಬುದನ್ನು ನೋಡಬೇಕು. ಏರಿನಲ್ಲಿ ಭಾರವೆಳೆಯುವಾಗ ಎಡೆಬಿಡದೆ ಬಂದರೆ ರಿಂಗುಗಳ ಮೇಲೆ ಸಂಶಯ. ಬೆಳಿಗ್ಗೆ ಚಾಲೂ ಆದೊಡನೆ ಒಮ್ಮೆ ಬಂದು ನಿಂತರೆ, ಅಥವಾ ಇಳಿಜಾರಿನ ನಂತರ ಆಕ್ಸಿಲರೇಟರ್ ಒತ್ತಿದಾಗ ಬಂದರೆ ವಾಲ್ವ್ ಸೀಲುಗಳ ಮೇಲೆ. ಗೇರಿನಲ್ಲಿಯೇ ಘಟ್ಟವಿಳಿಯುವಾಗ ಥ್ರಾಟಲ್ ಮುಚ್ಚಿರುವುದರಿಂದ ಒಳಗೆ ಬಲವಾದ ನಿರ್ವಾತವುಂಟಾಗಿ, ಗಡುಸಾದ ಸೀಲನ್ನು ದಾಟಿ ಎಣ್ಣೆ ವಾಲ್ವಿನ ಕಾಂಡಗುಂಟ ಕೆಳಗಿಳಿಯುತ್ತದೆ. ಹಿಂದಿನ ಆಸನದಲ್ಲಿ ಒರಗಿ ಕುಳಿತಿದ್ದ ಪತ್ನಿಯೇ ಇದನ್ನು ಕಂಡವರು: ಹೊಗೆ ಎದ್ದದ್ದು ದೇವಿಮನೆಯ ಬುಡದಲ್ಲಿ; ಮರಳಿ ಏರುವಾಗ ಇರಲಿಲ್ಲ.

ಎರಡನೆಯ ಮೆಕ್ಯಾನಿಕ್ ಆ ಮಾತನ್ನು ತಾಳ್ಮೆಯಿಂದ ಕೇಳಿದನು. ಮೊದಲು ಅಗ್ಗದ ಪಿಸಿವಿ ವಾಲ್ವನ್ನು ಬದಲಿಸಿದನು. ಅದು ಕಟ್ಟಿಕೊಂಡರೂ ಎಣ್ಣೆ ಹೋಗುವುದುಂಟು. ಹೆಚ್ಚಿನ ಪ್ರಯೋಜನವಾಗಲಿಲ್ಲ. ಬಳಿಕ ಸಿಲಿಂಡರುಗಳ ಕಂಪ್ರೆಶನ್ ಅಳೆದು, ಒಂದೊಂದರಲ್ಲಿ ಚಮಚದಷ್ಟು ಎಣ್ಣೆ ಹಾಕಿ ಮತ್ತೆ ಅಳೆದನು. ರಿಂಗುಗಳು ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಒತ್ತಡ ಏರಬೇಕಿತ್ತು. ಮೊದಲ ಅಳತೆಯೇ ಚೆನ್ನಾಗಿತ್ತು, ಎರಡನೆಯದು ಹೆಚ್ಚೇನೂ ಏರಲಿಲ್ಲ. ಸಿಲಿಂಡರಿಗೆ ಗಾಳಿ ತುಂಬಿ ವಾಲ್ವುಗಳು ಕೆಳಗೆ ಬೀಳದಂತೆ ಹಿಡಿದು, ಹೆಡ್ ಬಿಚ್ಚದೆಯೇ ಸೀಲುಗಳನ್ನು ಬದಲಿಸಿದನು.

ಈಗ 1,000 ಕಿ.ಮೀ.ಗೆ ಸುಮಾರು 150 ಮಿ.ಲೀ. ಹೋಗುತ್ತದೆ. ಔಷಧಿಯ ಹಣ ಔಷಧಿಗೇ ಉಳಿಯಿತು. ಡಬ್ಬಿ ಇನ್ನೂ ಡಿಕ್ಕಿಯಲ್ಲಿದೆ. ಮಂಗಳೂರಿಗೆ ಹೊರಡುವ ಮುನ್ನಾದಿನ ಕಡ್ಡಿ ಎಳೆದು ನೋಡುವುದನ್ನು ಉಪಾಧ್ಯಾಯರು ಬಿಟ್ಟಿಲ್ಲ.