ಸರ್ಕಾರದ ರೊಕ್ಕಕ್ಕೂ ಒಪ್ಪಿಗೆ ಬೇಕು

ಬ್ಯಾಂಕಿನ ಗುಮಾಸ್ತನಾಗಿ ನಾನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲ ಕಡೆಯ ನೀರು ಕುಡಿದವನು. ಊರು ಬದಲಾದರೂ ಮಾರ್ಚ್ 31ರ ಸಂಜೆ ಮಾತ್ರ ಎಲ್ಲ ಕಡೆ ಒಂದೇ. ಖಜಾನೆಯಲ್ಲಿ ಪಾಸಾದ ಬಿಲ್ಲು ಹಿಡಿದು ಕಚೇರಿ ಸಿಪಾಯಿಗಳು, ಗುತ್ತಿಗೆದಾರರು ಓಡಿಬರುತ್ತಿದ್ದರು. ಡಬ್ಬಿಯಲ್ಲಿನ ಜೋಳದ ರೊಟ್ಟಿ ಅಲ್ಲೇ ಒಣಗಿ ಖಡಕ್ ಆಗುತ್ತಿತ್ತು. ಈಗ ಎಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದಂತೆ.

ಇದನ್ನು ಹೇಳಿದರೆ ಆರನೇ ಇಯತ್ತೆಯ ಮೊಮ್ಮಗಳು, “ಏಪ್ರಿಲ್ ಒಂದಕ್ಕ ಕೊಟ್ರ ಏನಾತದ ಮುತ್ಯಾ? ಸರ್ಕಾರದ ಬಲ್ಲಿ ರೊಕ್ಕ ಇರ್ತಾವಲ್ಲ?” ಎಂದಳು.

ರೊಕ್ಕ ಇರುತ್ತದೆ, ಒಪ್ಪಿಗೆ ಇರುವುದಿಲ್ಲ.

ರಾಜ್ಯಕ್ಕೆ ಬರುವ ತೆರಿಗೆ ಹಣ ಸಂಚಿತ ನಿಧಿಯನ್ನು ಸೇರುತ್ತದೆ. ಅದರ ಬೀಗದ ಕೈ ಮುಖ್ಯಮಂತ್ರಿಗಳ ಜೇಬಿನಲ್ಲಿಲ್ಲ. ಬಜೆಟ್ ಓದಿದ ಮಾತ್ರಕ್ಕೆ ಒಂದು ಪೈಸೆಯೂ ಹೊರಬರದು. ಶಾಲೆಗೆ ಇಷ್ಟು, ರಸ್ತೆಗೆ ಇಷ್ಟು ಎಂದು ಬೇಡಿಕೆಗಳನ್ನು ವಿಧಾನಸಭೆಯ ಮುಂದಿಡಬೇಕು. ಅಲ್ಲಿನ 224 ಶಾಸಕರು ಒಪ್ಪಬಹುದು, ಬೇಡವೆನ್ನಬಹುದು, ಕಡಿಮೆ ಮಾಡಬಹುದು, ತಾವಾಗಿ ಹೆಚ್ಚಿಸುವಂತಿಲ್ಲ. ಒಂದು ದೂರು ಹೇಳಲಿಕ್ಕೆಂದೇ “100 ರೂಪಾಯಿ ಕಡಿಮೆ ಮಾಡಿರಿ” ಎಂದು ಸೂಚನೆ ಕೊಡುವ ಪದ್ಧತಿ ಶಾಸನಸಭೆಗಳಲ್ಲಿದೆ. ಕೋಟಿಗಟ್ಟಲೆ ಲೆಕ್ಕದಲ್ಲಿ ನೂರು ರೂಪಾಯಿ! ಮೊಮ್ಮಗಳು ಬಿದ್ದುಬಿದ್ದು ನಕ್ಕಳು. ನನಗಂತೂ ಅದು ಭಾರಿ ಹಿಡಿಸಿದ ಪದ್ಧತಿ. ಕೊನೆಗೆ ಧನವಿನಿಯೋಗ ವಿಧೇಯಕ ಪಾಸಾಗಿ ರಾಜ್ಯಪಾಲರ ಅಂಕಿತ ಬಿದ್ದ ಮೇಲೆಯೇ ಬೀಗ ತೆರೆಯುವುದು. ಸಾಲದ ಬಡ್ಡಿಯಂಥ ಕೆಲವಕ್ಕೆ ಮತ ಬೇಡ, ಆದರೆ ವಿಧೇಯಕದಲ್ಲಿ ಅವೂ ಇರಲೇಬೇಕು.

ಈ ಒಪ್ಪಿಗೆ ಆ ಕೆಲಸಕ್ಕೆ, ಆ ವರ್ಷಕ್ಕೆ ಮಾತ್ರ. ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ ಶಾಲೆ ಕೋಣೆಯ ಗೋಡೆ ಎದ್ದಿತ್ತು, ಫರ್ಸಿ ಹಾಸಿದ್ದರು, ಛತ್ತು ಬಾಕಿ. ಕೆಲಸ ತಡವಾಗಿ, ಉಳಿದ ರೊಕ್ಕ ಲ್ಯಾಪ್ಸ್ ಆಯಿತು. ಮರುವರ್ಷ ಮತ್ತೆ ಕೇಳಿ ಪಡೆಯಬೇಕಾಯಿತು. ಅಲ್ಲಿಯತನಕ ಹುಡುಗರು ಬೇವಿನ ಗಿಡದ ಕೆಳಗೇ ಪಾಠ ಕೇಳಿದರು. ನಿಯಮ ಬಿಗಿ ನಿಜ, ಆದರೂ ನಾನು ಅದರ ಪರ. ಒಮ್ಮೆ ಕೊಟ್ಟ ಒಪ್ಪಿಗೆ ಕಾಯಂ ಆದರೆ ಮತ್ತೆ ಯಾರು ಬಂದು ಕೇಳುತ್ತಾರೆ, ಯಾರು ಲೆಕ್ಕ ಒಪ್ಪಿಸುತ್ತಾರೆ?

ನಮ್ಮ ಕಲ್ಯಾಣ ಕರ್ನಾಟಕಕ್ಕೆ ಇನ್ನೊಂದು ಅನುಕೂಲವಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಪ್ರಕಾರ, ಈ ಭಾಗದ ಅಭಿವೃದ್ಧಿ ಮಂಡಳಿಯ ಕೆಲಸದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು. ಅದರ ಮೇಲೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಶಾಸಕರು ಏನು ಕೇಳಿದರೆಂದು ನಾನು ಪತ್ರಿಕೆಯಲ್ಲಿ ಹುಡುಕುತ್ತಿರುತ್ತೇನೆ. ಬಜೆಟ್ ಭಾಷಣಕ್ಕೆ ಮುಖಪುಟ ಸಿಗುತ್ತದೆ. ಇದಕ್ಕೆ ಒಳಪುಟದ ಮೂಲೆಯೇ ಗತಿ.