ರಕ್ತದೊಳಗಿನ ಕಮಟು

ಡಬ್ಬಿಯ ತಳದಲ್ಲಿ ತಿಂಗಳುಗಟ್ಟಲೆ ಉಳಿದ ಚಕ್ಕುಲಿಯ ವಾಸನೆಗೆ ನಮ್ಮಲ್ಲಿ ಒಂದು ಪದವಿದೆ: ಕಮಟು. ಕಾರ್ಖಾನೆಗಳ ಬಳಿ ವಾಸಿಸುವ ಕನ್ನಡಿಗರಿಂದ ರಕ್ತ ಪಡೆಯುವ ಅಧ್ಯಯನವೊಂದರ ಮಾಹಿತಿ ಪತ್ರ ಅನುವಾದಿಸುವಾಗ ನನಗೆ ಅದು ಬೇಕಾಯಿತು.

ಮೂಲದಲ್ಲಿದ್ದದ್ದು 'ಆಕ್ಸಿಡೇಟಿವ್ ಸ್ಟ್ರೆಸ್'. ಪಠ್ಯಪುಸ್ತಕದ ಕನ್ನಡದಲ್ಲಿ 'ಉತ್ಕರ್ಷಣ ಒತ್ತಡ'. ಮಣಲಿಯಲ್ಲಿ ನನ್ನ ಜೊತೆಗಿರುವ ಚಿಕ್ಕಮ್ಮನಿಗೆ ಓದಿದೆ. "ಬಿಪಿ ಮಾತ್ರೆ ತಗೊಂಡ್ರೆ ಸರಿಹೋಗಲ್ವಾ?" ಅಂದರು. ಒತ್ತಡವೆಂದರೆ ನಮಗೆ ಒಂದೋ ಮನಸ್ಸಿನದು, ಇಲ್ಲವೇ ರಕ್ತದ್ದು.

ನಿಜಕ್ಕೂ ನಡೆಯುವುದು ಚಕ್ಕುಲಿ ಡಬ್ಬಿಯಲ್ಲಿ ನಡೆಯುವುದೇ. ಆಮ್ಲಜನಕದಿಂದ ಹುಟ್ಟುವ ಚುರುಕು ಕಣಗಳು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಒಂದು ಅಣು ಕೆಟ್ಟರೆ ಪಕ್ಕದ್ದೂ ಕೆಡುತ್ತದೆ. ಹಾಗೆ ಒಡೆದ ಚೂರುಗಳಲ್ಲೊಂದು ಮ್ಯಾಲೊನ್‌ಡೈಆಲ್ಡಿಹೈಡ್. ಪ್ಲಾಸ್ಮಾಕ್ಕೆ ಥಯೋಬಾರ್ಬಿಟ್ಯೂರಿಕ್ ಆಮ್ಲ ಬೆರೆಸಿ ಕಾಯಿಸಿದರೆ ಈ ಚೂರು ಗುಲಾಬಿ ಬಣ್ಣ ಕೊಡುತ್ತದೆ. ಆ ಬಣ್ಣ 532 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರಿತೆಂದು ಅಳೆಯುತ್ತಾರೆ. ಎಣ್ಣೆ, ಮಾಂಸ ಕಮಟಾಗಿವೆಯೇ ಎಂದು ನೋಡಲು ಆಹಾರ ಪ್ರಯೋಗಾಲಯಗಳು ಬಳಸುವುದೂ ಇದೇ ಪರೀಕ್ಷೆ. ಹಾಗಾಗಿ 'ದೇಹದ ಕೊಬ್ಬು ಕಮಟಾಗುವುದು' ಎಂದು ಬರೆದೆ. ಓದುವವರು ಹೆದರದಿರಲೆಂದು 'ಸ್ವಲ್ಪಮಟ್ಟಿಗೆ ಇದು ಎಲ್ಲರಲ್ಲೂ ನಡೆಯುತ್ತದೆ' ಎಂದೂ ಸೇರಿಸಿದೆ.

ಈ ಸಲ ಚಿಕ್ಕಮ್ಮನಿಗೆ ಅರ್ಥವಾಯಿತು. "ಹಾಗಾದ್ರೆ ಈ ಗಾಳಿ ನನಗೇನು ಮಾಡಿದೆ ಅಂತ ಗೊತ್ತಾಗುತ್ತಾ?"

ಸುಮ್ಮನೆ ಕೇಳಿದ್ದಲ್ಲ. ಮಣಲಿಯಲ್ಲಿ 1969ರಿಂದ ತೈಲ ಸಂಸ್ಕರಣಾಗಾರವಿದೆ. ಸುತ್ತ ರಸಗೊಬ್ಬರ, ಪೆಟ್ರೋಕೆಮಿಕಲ್ ಕಾರ್ಖಾನೆಗಳು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಮೌಲ್ಯಮಾಪನದಲ್ಲಿ ಈ ಊರು ತೀವ್ರ ಮಲಿನ ಪ್ರದೇಶಗಳ ಪಟ್ಟಿಯಲ್ಲಿತ್ತು.

ಆದರೂ ಒಬ್ಬರ ಮಟ್ಟಿಗೆ ಉತ್ತರ, ಇಲ್ಲ. ಸಿಗರೇಟು, ಸಕ್ಕರೆ ಕಾಯಿಲೆಗಳಲ್ಲೂ ಈ ಅಂಕಿ ಏರುತ್ತದೆ. ರಕ್ತದಲ್ಲಿನ ಬಿಲಿರುಬಿನ್, ಸಕ್ಕರೆಯಂಥವು ಅಳತೆಯನ್ನು ಕಲಕುತ್ತವೆ. ರಕ್ತ ತೆಗೆಯುವಾಗ ಕೆಂಪುಕಣ ಒಡೆದರೆ, ಮಾದರಿಯನ್ನು ಬೇಗ ತಣ್ಣಗಾಗಿಸದಿದ್ದರೆ, ಕೊಬ್ಬು ಕೊಳವೆಯೊಳಗೇ ಕಮಟಾಗುತ್ತದೆ. ಸಂಶೋಧಕರು ಇದಕ್ಕಿಂತ ಹೆಚ್ಚು ನಂಬುವ ಗುರುತು ಐಸೊಪ್ರೊಸ್ಟೇನ್‌ಗಳು. ಹಾನಿ ಎಲ್ಲಿಂದ ಬಂತೆಂದು ಅವೂ ಹೇಳುವುದಿಲ್ಲ. ವಯಸ್ಸು, ಚಟ, ಕಾಯಿಲೆಗಳಲ್ಲಿ ಹೊಂದುವ ಬೇರೆ ಊರಿನ ಹಲವರೊಂದಿಗೆ ಇಲ್ಲಿನ ಹಲವರನ್ನು ಹೋಲಿಸಿದರೆ ಮಾತ್ರ ಗಾಳಿಯ ಬಗ್ಗೆ ಸುಳಿವು ಸಿಕ್ಕೀತು.

ಇಷ್ಟನ್ನೂ ಸಹಿಗೆ ಮೊದಲೇ ಹೇಳಬೇಕೆನಿಸಿತು. ಕೆಲಸ ಕೊಟ್ಟವರನ್ನು ಕೇಳಿ ಒಂದು ಸಾಲು ಸೇರಿಸಿದೆ: 'ಈ ಅಂಕಿ ನಿಮ್ಮ ಕಾಯಿಲೆಯ ಕಾರಣವನ್ನು ಹೇಳುವುದಿಲ್ಲ.'

ಚಿಕ್ಕಮ್ಮ ಎರಡು ಸಲ ಓದಿಸಿದರು. "ಮತ್ತೆ ಅವರು ರಕ್ತ ಯಾಕೆ ಕೊಡ್ಬೇಕು?"

"ಊರಿನ ಲೆಕ್ಕಕ್ಕೆ, ಚಿಕ್ಕಮ್ಮ."

"ಹಾಗಂತಾನೂ ಬರಿ," ಅಂದರು. ಬರೆದೆ.