ಪಂಚಾಯತ್ ಕಚೇರಿಯ ಲೆಕ್ಕದ ಮೇಜು

ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ, ನೇತ್ರಾವತಿಯ ದಂಡೆಯ ಬಂಟ್ವಾಳ, 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕೆಂದು ಘೋಷಿತವಾದ ಮೂಡುಬಿದಿರೆ, ಈ ಮೂರು ಸೀಮೆಗಳ ಗ್ರಾಮ ಪಂಚಾಯತ್‌ಗಳಲ್ಲಿ ಅಧ್ಯಕ್ಷರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿಯನ್ನು, ಅಂದರೆ ಪಿಡಿಒ ಅವರನ್ನು, ಹುಡುಕಿಕೊಂಡು ಜನ ಬರುತ್ತಾರೆ. ಅದೇ ಕಚೇರಿಯಲ್ಲಿ ವೋಚರುಗಳನ್ನು ಜೋಡಿಸುತ್ತ ಕುಳಿತಿರುವ ದ್ವಿತೀಯ ದರ್ಜೆ ಲೆಕ್ಕ ಸಹಾಯಕರ ಕೆಲಸ ಏನೆಂಬುದು ಮಾತ್ರ, ಬಿಲ್ಲು ಬಾಕಿಯಿರುವವರನ್ನು ಬಿಟ್ಟರೆ, ಬಹುಮಂದಿಗೆ ತಿಳಿಯದು. ಈ ಹುದ್ದೆ ಮಂಜೂರಾಗಿರುವ ಪಂಚಾಯತ್‌ಗಳಲ್ಲಿ ಲೆಕ್ಕದ ಸರಣಿ ಆರಂಭವಾಗುವುದೇ ಅವರ ಮೇಜಿನಿಂದ. ಹಣ ಪಾವತಿಗೆ ಅಧ್ಯಕ್ಷರೂ ಪಿಡಿಒ ಅವರೂ ಜಂಟಿಯಾಗಿ ಸಹಿ ಹಾಕುತ್ತಾರೆ. ಆ ಸಹಿ ಬೀಳುವ ಮೊದಲು ಬಿಲ್ಲನ್ನು ಸಾಲುಸಾಲಾಗಿ ಓದಿರಬೇಕಾದವರು ಲೆಕ್ಕ ಸಹಾಯಕರು.

ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕಲಿಯುವುದು ಜಮೆಯ ಶಿಸ್ತನ್ನು. ಕರ ವಸೂಲಿಗಾರರು ಮನೆಮನೆ ಸುತ್ತಿ ತಂದ ಮನೆ ತೆರಿಗೆ ಮತ್ತು ನೀರಿನ ಶುಲ್ಕವನ್ನು ರಸೀದಿ ಪುಸ್ತಕದೊಂದಿಗೆ ತಾಳೆ ನೋಡಿ, ನಗದು ಪುಸ್ತಕದಲ್ಲಿ ಬರೆದು, ಪೂರ್ತಿಯಾಗಿ ಬ್ಯಾಂಕಿಗೆ ಕಟ್ಟಬೇಕು. ಪೇಟೆಯಿಂದ ತುರ್ತಾಗಿ ಒಂದು ಪಂಪಿನ ಬಿಡಿಭಾಗ ತರಬೇಕಾಗಿ ಬಂದರೂ, ಅಂದು ವಸೂಲಾದ ಹಣದಿಂದಲೇ ಅದನ್ನು ಕೊಂಡು ಉಳಿದದ್ದನ್ನು ಕಟ್ಟುವಂತಿಲ್ಲ, ಏಕೆಂದರೆ ಹಾಗೆ ಮಾಡಿದಾಗ ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಎರಡು ಸಂಗತಿಗಳು ಒಂದರಲ್ಲೊಂದು ಕರಗಿ, ಕೇವಲ ಉಳಿಕೆ ಮಾತ್ರ ಕಾಣಿಸುತ್ತದೆ. ನಗದು ಪುಸ್ತಕದಲ್ಲಿ ಅಂಕಿಯನ್ನು ಅಳಿಸಿ ಬರೆಯುವುದಕ್ಕೂ, ಒಂದರ ಮೇಲೊಂದು ತಿದ್ದಿ ಬರೆಯುವುದಕ್ಕೂ ಅವಕಾಶವಿಲ್ಲ. ತಪ್ಪಾದ ಅಂಕಿ ಓದಲು ಸಿಗುವಂತೆ ಅದರ ಮೇಲೆ ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಅಧಿಕಾರಿಯ ಸಹಿ ಪಡೆಯಬೇಕು.

ಈ ನಿಯಮದ ತೂಕ ತಿಳಿಯಬೇಕಾದರೆ ಹಿಂದಿನ ಲೆಕ್ಕವನ್ನು ನೆನೆಯಬೇಕು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾದ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಈ ನಾಡಿನ ಹಿಂದಿನ ಕಂದಾಯದ ಪ್ರಮಾಣವನ್ನು ಅರಿಯಲು ವಂಶಪಾರಂಪರ್ಯವಾಗಿ ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಬಳಿಯಿದ್ದ ಲೆಕ್ಕಗಳನ್ನೇ ಆಧರಿಸಬೇಕಾಯಿತು. ಹುಣಸೆ ಬೀಜದ ಅಂಟನ್ನೂ ಇದ್ದಿಲನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆಯುವ ರೂಢಿ ಕನ್ನಡ ನಾಡಿನಲ್ಲಿ ವ್ಯಾಪಕವಾಗಿತ್ತು. ಕಡತ ಬಹುಕಾಲ ಬಾಳುತ್ತಿತ್ತು, ಬೇಕೆಂದಾಗ ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಶಾನುಭೋಗರ ಜ್ಞಾನ ಆಳವಾದುದು. ಯಾವ ಗದ್ದೆ ಯಾವ ವರ್ಗಕ್ಕೆ ಸೇರಿದ್ದು, ಅಂದರೆ ಯಾವ ಹಿಡುವಳಿಯ ಘಟಕಕ್ಕೆ ಸೇರಿದ್ದು ಎಂಬುದು ಅವರಿಗೆ ಬಾಯಿಪಾಠವಾಗಿರುತ್ತಿತ್ತು. ಆದರೆ ಆ ಜ್ಞಾನ ಬರೆದವರ ಜೊತೆಗೇ ಇರುತ್ತಿತ್ತು, ರೈತನು ಅದನ್ನು ಪರೀಕ್ಷಿಸುವ ದಾರಿ ಕಿರಿದಾಗಿತ್ತು. ಅಂದಿನ ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರಾಜ್ಯದಲ್ಲಿ ಕೊನೆಗೊಂಡು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಅವರದು ಕಂದಾಯ ಇಲಾಖೆಯ ದಾರಿ. ಪಂಚಾಯತ್ ಲೆಕ್ಕ ಅದರಿಂದ ಬೇರೆಯಾಗಿ ಬೆಳೆಯಿತು. ಬರೆದವರು ಎದುರಿಗಿಲ್ಲದಿದ್ದರೂ, ಅವರ ಪರಿಚಯವೇ ಇಲ್ಲದವರು ಓದಿದರೂ ಹಣದ ದಾರಿ ತಿಳಿಯಬೇಕೆಂಬ ಬೇಡಿಕೆ ಅದರ ಮೇಲಿದೆ. ಲೆಕ್ಕ ಸಹಾಯಕರ ಹುದ್ದೆಯ ಘನತೆ ಇರುವುದು ಆ ಬೇಡಿಕೆಯಲ್ಲಿಯೇ.

ಗ್ರಾಮ ಪಂಚಾಯತ್‌ಗಳ ಆಯವ್ಯಯ ಮತ್ತು ಲೆಕ್ಕಪತ್ರಗಳಿಗೆಂದು 2006ರಲ್ಲಿ ರಚಿತವಾದ ನಿಯಮಗಳು ಜೋಡಿ ನಮೂದು ಪದ್ಧತಿಯನ್ನು ತಂದವು. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ, ಒಂದರಲ್ಲಿ ಖರ್ಚಾಗಿ ಇನ್ನೊಂದರಲ್ಲಿ ಜಮೆಯಾಗಿ ಬರೆಯುವುದೇ ಆ ಪದ್ಧತಿ. ಮುಂದೆ ‘ಪಂಚತಂತ್ರ’ ಎಂಬ ತಂತ್ರಾಂಶವು ಬರಹದ ಭಾರವನ್ನು ಗಣಕಕ್ಕೆ ವರ್ಗಾಯಿಸಿದರೂ, ಖರ್ಚು ಯಾವ ಶೀರ್ಷಿಕೆಗೆ ಸೇರಬೇಕೆಂಬ ವಿವೇಚನೆ ಮನುಷ್ಯನ ಬಳಿಯೇ ಉಳಿಯಿತು. ಹದಿನೈದನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಡಲಾಯಿತು; ಉಳಿದ ಶೇ 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾಗಿದ್ದರೂ ಸಂಬಳ ಮತ್ತು ಕಚೇರಿ ವೆಚ್ಚಕ್ಕೆ ಮುಟ್ಟುವಂತಿರಲಿಲ್ಲ. ಬೇಸಿಗೆಯಲ್ಲಿ ನೀರಿನ ಕೊಳವೆ ದುರಸ್ತಿಯ ಬಿಲ್ಲನ್ನು ತಪ್ಪು ಶೀರ್ಷಿಕೆಗೆ ಬರೆದರೆ, ಇನ್ನೊಂದು ವಾರ್ಡಿನ ದಾರಿದೀಪಕ್ಕೋ ಚರಂಡಿಗೋ ಇಟ್ಟ ಮೊತ್ತ ಕಾಗದದಲ್ಲಿ ಮುಗಿದುಹೋಗುತ್ತದೆ. ಒಂದು ಸಾಲಿನ ತಪ್ಪು ಹೀಗೆ ಯಾರದೋ ಮನೆಯ ಮುಂದಿನ ಕತ್ತಲೆಯಾಗುವುದನ್ನು ಬಲ್ಲವರು, ಬಿಲ್ಲನ್ನು ವಾಪಸು ಕಳಿಸುವ ಲೆಕ್ಕ ಸಹಾಯಕರನ್ನು ಹಟಮಾರಿಗಳೆಂದು ಕರೆಯಲಾರರು.

ಕರಾವಳಿಯ ಈ ಸೀಮೆಯಲ್ಲಿ ಅಂಥ ಎಚ್ಚರ ಎಷ್ಟು ಬೇಕೆಂಬುದು ಬ್ಯಾಂಕುಗಳ ವಿಲೀನದ ವರ್ಷಗಳಲ್ಲಿ ಚೆನ್ನಾಗಿ ಕಂಡಿತು. ದಕ್ಷಿಣ ಕನ್ನಡ ಮತ್ತು ಉಡುಪಿಯ ಮನೆಗಳಿಗೆ ಬ್ಯಾಂಕೆಂದರೆ ಇಲ್ಲಿಯೇ ಹುಟ್ಟಿದ ಸಂಸ್ಥೆಗಳು: 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲಿಯೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ ಮತ್ತು ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಹೆಸರು ಹೋದ ನೋವು ಊರಿನದು. ಐಎಫ್‌ಎಸ್‌ಸಿ ಬದಲಾದ ತೊಡಕು ಲೆಕ್ಕದ ಮೇಜಿನದು. ಐಎಫ್‌ಎಸ್‌ಸಿ ಎಂದರೆ ಹಣ ಯಾವ ಬ್ಯಾಂಕಿನ ಯಾವ ಶಾಖೆಗೆ ಹೋಗಬೇಕೆಂದು ಸೂಚಿಸುವ ಹನ್ನೊಂದು ಅಕ್ಷರಾಂಕಿಗಳ ಸಂಕೇತ. ಸಿಂಡಿಕೇಟಿನ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಪಂಪು ಚಾಲಕರು, ಗುತ್ತಿಗೆದಾರರು, ಸಾಮಗ್ರಿ ಒದಗಿಸಿದ ಅಂಗಡಿಯವರು ಕೊಟ್ಟಿದ್ದ ಹಳೆಯ ಪಾಸ್‌ಬುಕ್ಕಿನ ಪ್ರತಿಯಲ್ಲಿ ಇದ್ದದ್ದು ಹಳೆಯ ಸಂಕೇತವೇ. ಇಂಥ ಪ್ರತಿಯನ್ನು ನಂಬಿ ಕಳಿಸಿದ ಹಣ ತಲುಪಬೇಕಾದಲ್ಲಿಗೆ ತಲುಪದು. ಅದು ಹಿಂದಿರುಗಿ ಬಂದರೆ ಮತ್ತೆ ಜಮೆಗೆ ಬರೆದು, ಸಂಕೇತ ಸರಿಪಡಿಸಿ, ಹೊಸದಾಗಿ ಪಾವತಿ ಮಾಡುವವರೆಗೆ ದುಡಿದವರು ಕಾಯಬೇಕು. ಕೌಂಟರಿನಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ವಿಚಾರಿಸಿಕೊಂಡು, ಕನ್ನಡದಲ್ಲಿ ಟಿಪ್ಪಣಿ ಬರೆದು, ಇಂಗ್ಲಿಷ್ ಅಕ್ಷರಗಳ ಆ ಸಂಕೇತವನ್ನು ತಪ್ಪಿಲ್ಲದೆ ದಾಖಲಿಸುವ ಕೆಲಸ ಯಾವ ವರದಿಯಲ್ಲಿಯೂ ಸಾಧನೆಯೆಂದು ಎಣಿಕೆಗೆ ಬರುವುದಿಲ್ಲ, ಬರಬೇಕಾಗಿತ್ತು.

ತುರ್ತು ಎಂಬುದು ಲೆಕ್ಕಕ್ಕೆ ಅತ್ಯಂತ ಕಠಿಣವಾದ ಪರೀಕ್ಷೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ, ಮಲವಂತಿಗೆ, ಮಿತ್ತಬಾಗಿಲು ಕಡೆಗಳಲ್ಲಿ ಕಂಡಂಥ ನೆರೆ ಬಂದಾಗ, ತೋಡಿನ ಕಾಲುಸಂಕವನ್ನು ಸರಿಪಡಿಸುವುದು ಮೊದಲೋ, ಅಳತೆ ಪುಸ್ತಕ ಬರೆಯುವುದು ಮೊದಲೋ ಎಂಬ ಪ್ರಶ್ನೆಗೆ ಯಾರಾದರೂ ಕಾಲುಸಂಕವೆಂದೇ ಉತ್ತರಿಸುತ್ತಾರೆ, ಅದು ಸರಿಯೂ ಹೌದು. ಅಳತೆ ಪುಸ್ತಕವೆಂದರೆ ನಡೆದ ಕೆಲಸದ ಉದ್ದ, ಅಗಲ, ಆಳಗಳನ್ನು ಎಂಜಿನಿಯರು ಸ್ಥಳದಲ್ಲಿ ಅಳೆದು ಬರೆಯುವ ದಾಖಲೆ. ಅದಿಲ್ಲದೆ ಕಾಮಗಾರಿಯ ಬಿಲ್ಲು ಪಾವತಿಯಾಗದು. ಕೆಲಸ ಮೊದಲಾಗಿ ಕಾಗದ ಹಿಂದಿನಿಂದ ಬಂದಾಗ, ಎರಡರ ನಡುವಿನ ಅಂತರದಲ್ಲಿ ಸುಳ್ಳು ಸೇರದಂತೆ ಕಾಯಬೇಕಾದವರ ಸಾಲಿನಲ್ಲಿ ಕೆಳದರ್ಜೆಯ ನೌಕರರೂ ಇರುತ್ತಾರೆ, ಮತ್ತು ಮೇಲಿನವರ ಅವಸರಕ್ಕೆ ಎದುರು ನಿಲ್ಲುವ ಬಲ ಅತಿ ಕಡಿಮೆಯಿರುವುದೂ ಅವರಿಗೇ. ಮಾರ್ಚ್ 31ರ ಒತ್ತಡವೂ ಇದೇ ಜಾತಿಯದು: ವರ್ಷದ ಅನುದಾನ ಖರ್ಚಾಗದೆ ಉಳಿಯಬಾರದೆಂಬ ಆತಂಕದಲ್ಲಿ ಬಿಲ್ಲುಗಳು ಕೊನೆಯ ದಿನಗಳಲ್ಲಿ ರಾಶಿಯಾಗಿ ಬಂದು ಬೀಳುತ್ತವೆ. ಹೊಸಬರಿಗೆ ಈ ದಿನಗಳಲ್ಲಿ ಹಿರಿಯ ಅಧಿಕಾರಿಗಳು ಕೊಡಬಹುದಾದ ದೊಡ್ಡ ನೆರವೆಂದರೆ, ಆಕ್ಷೇಪಣೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಮಂಡಿಸಲು ಅವಕಾಶ ಕೊಡುವುದು.

ಹೀಗೆ ಬರೆದ ಲೆಕ್ಕ ಇಲಾಖೆಯ ಪರಿಶೋಧಕರ ಮುಂದೆ ಹೋಗುವುದು ಒಂದು ದಾರಿ. ಇನ್ನೊಂದು ಜಮಾಬಂದಿ, ಪಂಚಾಯತಿನ ಹಿಂದಿನ ವರ್ಷದ ಜಮಾಖರ್ಚು, ವೋಚರು ಮತ್ತು ಕಾಮಗಾರಿಗಳನ್ನು ಗ್ರಾಮಸ್ಥರ ಎದುರಿನಲ್ಲಿ ತೆರೆದು ಪರಿಶೀಲಿಸುವ ವಾರ್ಷಿಕ ಸಭೆ ಅದು, ಸಾಮಾನ್ಯವಾಗಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುವಂಥದು. ಕರಾವಳಿಯ ಮಳೆಗಾಲದ ಆ ದಿನಗಳಲ್ಲಿ ಸಭೆಗೆ ಬರುವವರ ಸಂಖ್ಯೆ ಬಹಳವಾಗಿರದಿರಬಹುದು. ಆದರೂ ತನ್ನ ವಾರ್ಡಿನ ಬಾವಿಗೆ ಬರೆದ ಮೊತ್ತವೆಷ್ಟು, ರಿಂಗು ಎಷ್ಟು ಇಳಿಸಿದ್ದಾರೆ ಎಂದು ಒಬ್ಬ ಗ್ರಾಮಸ್ಥೆ ಕೇಳಿದರೆ, ಆ ವೋಚರನ್ನು, ಅದರ ಹಿಂದಿನ ಅಳತೆಯನ್ನು, ಪಾವತಿಯ ದಿನಾಂಕವನ್ನು ಅಲ್ಲಿಯೇ ತೆಗೆದು ತೋರಿಸಲು ಬರಬೇಕು. ಬಿಲ್ಲು ಪಾಸಾದ ವರ್ಷದ ಲೆಕ್ಕ ಸಹಾಯಕರು ಆ ಹೊತ್ತಿಗೆ ವರ್ಗವಾಗಿ ಬೇರೆ ಪಂಚಾಯತಿಗೆ ಹೋಗಿದ್ದರೂ, ಅವರ ಜಾಗಕ್ಕೆ ಬಂದವರು, ಹೋಗುವವರು ಬರೆದುಕೊಟ್ಟ ಪ್ರಭಾರ ಪಟ್ಟಿಯಲ್ಲಿ ಕಡತದ ಸಂಖ್ಯೆ ನೋಡಿ ಅದನ್ನು ತೆಗೆಯುವಂತಿರಬೇಕು.